ಫೌಜದಾರ ಮಾವ ಕೇಳಿದ ನೀರು

ಹೊನ್ನೆ ಎಣ್ಣೆಯ ವಾಸನೆ ಚೆನ್ನಾಗಿರುತ್ತದೆ ಎಂದು ಯಾರೂ ಹೇಳಲಾರರು. ಕಹಿ, ಕಮಟು, ಕೈಗೆ ಹತ್ತಿದರೆ ಬೇಗ ಬಿಡುವುದೂ ಇಲ್ಲ. ಕಳೆದ ತಿಂಗಳು ಹೊನ್ನಾವರದ ಬಂದರಿನ ಬದಿಗೆ ಹೋಗಿದ್ದಾಗ ಯಾರೋ ದೋಣಿಯ ಹಲಗೆಗೆ ಅದನ್ನು ಬಳಿಯುತ್ತಿದ್ದರು. ನಾನು ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯ ಫೌಜದಾರ ಮಾವ ತಮ್ಮ ಹಳೆಯ ಚರ್ಮದ ಬೆಲ್ಟಿಗೆ ತಿಕ್ಕುತ್ತಿದ್ದುದು ಇದೇ ಎಣ್ಣೆ. ಅಥವಾ ಹಾಗೆಂದು ನನ್ನ ನೆನಪು...

ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಧಾರವಾಡದಲ್ಲಿ ಇತಿಹಾಸ ಓದುವಾಗ ಅಂಟಿಕೊಂಡ ಕಾಯಿಲೆ ಅದು.

ಮಾವ ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ನಮ್ಮ ಕಡೆ ಆ ಹುದ್ದೆಗೆ ಫೌಜದಾರ ಎನ್ನುವುದೇ ರೂಢಿ. ಮುಂಬೈ ಸರಕಾರದ ಕಾಲದಲ್ಲಿ ತಾಲೂಕಿನ ಪೊಲೀಸರ ಮೇಲೆ ಒಬ್ಬ ಚೀಫ್ ಕಾನ್‌ಸ್ಟೇಬಲ್ ಇರುತ್ತಿದ್ದ. ಜನ ಅವನನ್ನೂ ಫೌಜದಾರ ಎಂದೇ ಕರೆದರು. ಕಾಗದದಲ್ಲಿ ಹುದ್ದೆಯ ಹೆಸರು ಬದಲಾಯಿತು, ಬಾಯಲ್ಲಿ ಹಳೆಯದೇ ಉಳಿಯಿತು. ಮಾವನ ಅಜ್ಜ ಕುಮಟೆಯಲ್ಲಿ ಅಂಥ ಚೀಫ್ ಆಗಿದ್ದರಂತೆ.

"ಚೀಫ್ ಅಂದ್ರೆ ದೊಡ್ಡ ಹವಾಲ್ದಾರ ಅಷ್ಟೇ ಅಲ್ದಾ ಮಾವ?" ಎಂದು ನಾನು ಕೆಣಕುತ್ತಿದ್ದೆ.

"ನಿನ್ನ ಧಾರವಾಡದವ್ರು ಎಂತ ಬೇಕಾದ್ರೂ ಹೇಳ್ಲಿ ಮಾರಾಯ. ನಾಲ್ಕು ಪೇದೆ ಇಟ್ಕಂಡು ಯಾಣದ ಕಾಡಿಂದ ಸಮುದ್ರದ ತನಕ ನೋಡ್ಬೇಕಿತ್ತು. ಬರೀ ಬಡಿಗೆಯಿಂದ ಆಗ್ತದಾ?"

ಬಡಿಗೆಯ ಬದಲು ಅಜ್ಜ ಮಾಡುತ್ತಿದ್ದುದು ಇಷ್ಟೇ. ದೂರು ಬಂದ ಮನೆಗೆ ಹೋದರೆ ಮೊದಲು ಜಗಲಿಯ ಮೇಲೆ ಕೂತು ಆಸರಿಗೆ, ಅಂದರೆ ಬಾಯಾರಿಕೆಗೆ, ನೀರು ಕೇಳುವುದು. ನೀರು ಕೊಟ್ಟವರು ಮಾತಿಗೆ ಒಪ್ಪಿದ ಹಾಗೆ. ಆಮೇಲೆ ಠಾಣೆಯ ಮೆಟ್ಟಿಲು ಹತ್ತುವಂತಿಲ್ಲ. ಮಾವನೂ ಭಟ್ಕಳ, ಹೊನ್ನಾವರ ಎಂದು ಹೋದಲ್ಲೆಲ್ಲ ಇದನ್ನೇ ನಡೆಸಿಕೊಂಡು ಬಂದಿದ್ದರು.

ನಾನು ರಜೆಗೆ ಬಂದಿದ್ದಾಗ ಬೀದಿಯ ಕೊನೆಯ ಮೀನುಗಾರರ ಮನೆಯ ಅಣ್ಣ ತಮ್ಮಂದಿರಿಗೆ ಜಗಳವಾಯಿತು. ದೋಣಿ ಎಳೆದಿಡುವ ಜಾಗದ ತಕರಾರು. ತಮ್ಮ ದೋಣಿಯ ಹುಟ್ಟು ಬೀಸಿದ, ಅಣ್ಣನ ತಲೆ ಒಡೆಯಿತು. ತಮ್ಮನಿಗೆ ಕಾರವಾರದಲ್ಲಿ ಸರಕಾರಿ ನೌಕರಿ ಆಗುವುದಿತ್ತು, ಪೊಲೀಸ್ ವಿಚಾರಣೆಯೊಂದೇ ಬಾಕಿ. ಕೇಸಾದರೆ ನೌಕರಿ ಇಲ್ಲ. ಅವರ ತಾಯಿ ಮಾವನ ಅಂಗಳಕ್ಕೆ ಬಂದು ಅತ್ತಳು.

ನಿವೃತ್ತರಾಗಿ ವರ್ಷಗಳಾಗಿದ್ದರೂ ಮಾವ ಪಂಚೆಯ ಮೇಲೆ ಬೆಲ್ಟು ಬಿಗಿದು ಹೊರಟರು. ನಾನೂ ಹಿಂದೆ ಹೋದೆ. ಅಣ್ಣನ ಜಗಲಿಯ ಮೇಲೆ ಕೂತು ಮಾವ ಆಸರಿಗೆ ನೀರು ಕೇಳಿದರು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಅಣ್ಣ ತಂಬಿಗೆ ನೀರು ತಂದಿಟ್ಟ. "ಈಗ ನಿಮ್ದು ಎಂತದೂ ನಡೀದಿಲ್ಲ ಫೌಜದಾರ್ರೇ" ಎಂದ.

"ನಡೀದಿಲ್ಲ ಅಂದ್ರೆ ನೀರು ಯಾಕೆ ತಂದೆ?"

ಅಣ್ಣ ತಲೆಯ ಬಟ್ಟೆಯನ್ನು ಬಿಗಿ ಮಾಡಿಕೊಂಡ. ಮಾವ ತಂಬಿಗೆ ಎತ್ತಿ ಅರ್ಧ ಕುಡಿದು, ಉಳಿದ ನೀರನ್ನು ತಾವೇ ಹಿಡಿದುಕೊಂಡು ಅಂಗಳ ದಾಟಿ ತಮ್ಮನ ಮನೆಗೆ ನಡೆದರು. ತಮ್ಮ ಅದನ್ನು ಕುಡಿದ. "ಆತು" ಎಂದರು ಮಾವ.

ಮರುದಿನ ಬೆಳಿಗ್ಗೆ ನಾನು ಧಾರವಾಡದ ಬಸ್ಸು ಹತ್ತಿದೆ. ಆಮೇಲೆ ಎಷ್ಟೋ ಸಲ ಕಾಲೇಜಿನಲ್ಲಿ ಪಾಠ ಮಾಡುವಾಗ ಈ ಕಥೆ ಹೇಳಿದ್ದೇನೆ. ಎಲ್ಲದಕ್ಕೂ ಆಧಾರ ಕೇಳುವ ನಾನು ಇದಕ್ಕೆ ಕೇಳಿರಲಿಲ್ಲ.

ಬಂದರಿನಲ್ಲಿ ಎಣ್ಣೆ ಬಳಿಯುತ್ತಿದ್ದವನು ಆ ತಮ್ಮನೇ. ತಲೆಯೆಲ್ಲ ಬೆಳ್ಳಗಾಗಿತ್ತು. ಅವನೇ ನನ್ನ ಗುರುತು ಹಿಡಿದ. ನಾನು ತಂಬಿಗೆಯ ಮಾತು ತೆಗೆದೆ.

"ನೀರು ತಂದದ್ದು ಖರೆ ಮಾಸ್ತರ್ರೇ, ನಾ ಕುಡದದ್ದೂ ಖರೆ" ಎಂದ. "ಆದ್ರೆ ಅಣ್ಣ ಅವತ್ತು ಬೆಳಿಗ್ಗೆನೇ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟು ಬಂದಾಗಿತ್ತು. ಬಾಯಿ ಬಿಡ್ಲಿಲ್ಲ. ನೀರು ಮಾತ್ರ ಕೊಟ್ಟ."

ವಿಷಯ ತಿಳಿದು ಮಾರನೇ ದಿನ ಮಾವ ಠಾಣೆಗೆ ಹೋದರಂತೆ. ಹೊಸ ಫೌಜದಾರ ಕೂರಲು ಹೇಳಲಿಲ್ಲ. ಬೆಲ್ಟು ಬಿಗಿದುಕೊಂಡೇ ಸಂಜೆಯ ತನಕ ಹೊರಗಿನ ಕಂಬದ ಬಳಿ ನಿಂತಿದ್ದರಂತೆ...

"ನೌಕರಿ?"

"ಹೋತು. ಕೇಸು ಬಿದ್ದುಹೋಗೂ ಹೊತ್ತಿಗೆ ನನ್ನ ವಯಸ್ಸು ಮೀರಿತ್ತು." ಬಟ್ಟೆಯನ್ನು ಮತ್ತೆ ಎಣ್ಣೆಗೆ ಅದ್ದಿದ. "ಅದು ಬಿಡಿ. ಆಮೇಲೆ ಅವ್ರು ಯಾರ ಮನೇಲೂ ನೀರು ಕೇಳ್ಲಿಲ್ಲ. ಬಿಸಿಲಲ್ಲಿ ಬೀದಿ ಮೇಲೆ ಹೋಗ್ತಾ ಇದ್ರೆ ಅವತ್ತು ಅತ್ಕಂಡು ಬಂದಿದ್ದ ನಮ್ಮ ಆಯಿ ತಂಬಿಗೆ ಹಿಡ್ಕಂಡು ಜಗಲಿ ಮೇಲೆ ನಿಂತಿರ್ತಿತ್ತು. ಆಸರಿಲ್ಲ ತಂಗೀ ಅಂತ ಹೋಗೇಬಿಡ್ತಿದ್ರು. ಸಾಯೂ ತನಕ ಹಾಂಗೇ."

ಮಾವನ ಮನೆ ಈಗಿಲ್ಲ, ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಅದರ ಜಗಲಿ ಇದ್ದ ಕಡೆ ಲಾರಿಗಳು ಓಡುತ್ತವೆ. ನನ್ನ ಕಥೆಯಲ್ಲಿ ಈಗ ನಿಜವಾಗಿ ಉಳಿದಿರುವುದು ಆ ವಾಸನೆಯೊಂದೇ ಎನ್ನಿಸಿತು.

ಹೊರಟು ನಿಂತೆ. ಅವನು ಕೈ ಒರೆಸಿಕೊಳ್ಳುತ್ತ, "ಬಿಸಿಲು ಜೋರಿದೆ ಮಾಸ್ತರ್ರೇ, ಆಸರಿಗೆ ಎಂತಾದ್ರೂ ತರ್ಲಾ?" ಎಂದು ಕೇಳಿದ.

ಗಂಟಲು ಒಣಗಿತ್ತು. ಬೇಡ ಎಂದೆ.