ಒಂದು ದಿನದ ಮುಯ್ಯಿ

ಭಾಲ್ಕಿಯ ಶಾಲೆಯೊಂದರಲ್ಲಿ ಬಹಳ ವರ್ಷ ಇತಿಹಾಸ ಹೇಳಿಕೊಟ್ಟವಳು ನಾನು. ಬೀದರ ಕೋಟೆ ಕಟ್ಟಿದವರು ಯಾರು ಎಂದರೆ ಮಕ್ಕಳು ಸುಲ್ತಾನರ ಹೆಸರು ಪಟಪಟನೆ ಹೇಳುತ್ತಿದ್ದರು. ಬಂಡೆಯಲ್ಲಿ ಆ ಕಂದಕ ಕಡಿದವರು ಯಾರು, ಅವರು ಅಲ್ಲಿ ಕಲ್ಲು ಒಡೆಯುವಾಗ ಊರಲ್ಲಿ ಅವರ ಹೊಲ ಯಾರು ನೋಡಿಕೊಂಡರು ಎಂದು ಕೇಳಿದರೆ ಪುಸ್ತಕದ ಹಾಳೆ ತಿರುವುತ್ತಿದ್ದರು. ಉತ್ತರ ನನಗೂ ಗೊತ್ತಿರಲಿಲ್ಲ. ನನಗೇ ಗೊತ್ತಿಲ್ಲದ್ದನ್ನು ಮಕ್ಕಳಿಗೆ ಕೇಳುವುದು ನನ್ನ ಹಳೆಯ ಚಾಳಿ.

ಆ ಪ್ರಶ್ನೆಗೆ ಚೂರುಪಾರು ಉತ್ತರ ನಮ್ಮ ಅವ್ವನ ಹತ್ತಿರವೇ ಇತ್ತು. ಅವ್ವನಿಗೆ ಈಗ ಎಂಬತ್ತೈದು ದಾಟಿದೆ. ಒಬ್ಬಳೇ ಮಗಳೆಂದು ತವರಲ್ಲೇ ಉಳಿದವಳು. ಔರಾದ ಕಡೆಯ ನಮ್ಮ ಊರಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಅವಳು ಸಣ್ಣವಳಿದ್ದಾಗ, ದೊಡ್ಡ ಲಡಾಯಿಯ, ಅಂದರೆ ಎರಡನೇ ಮಹಾಯುದ್ಧದ ಕಾಲದಲ್ಲಿ, ಬೀದರಿನ ಹೊರಗೆ ವಿಮಾನ ಇಳಿಯಲು ನೆಲ ಸಮ ಮಾಡುವ ಕೆಲಸಕ್ಕೆ ನಮ್ಮೂರಿಂದಲೂ ಆಳುಗಳನ್ನು ಕರೆದಿದ್ದರಂತೆ. ಅಜ್ಜ, ಅಂದರೆ ಅವ್ವನ ಅಪ್ಪ, ಹೋದ. ಒಂದು ತಿಂಗಳು ಮಣ್ಣು ಹೊತ್ತ. ಆಗ ಪಕ್ಕದ ಮನೆಯ ಸಾಬರು ತಮ್ಮ ಎತ್ತು ಹೂಡಿಕೊಂಡು ಬಂದು ಒಂದು ದಿನ ಪೂರ್ತಿ ನಮ್ಮ ಜೋಳದ ಸಾಲುಗಳ ನಡುವೆ ಎಡೆ ಹೊಡೆದು, ಕಳೆ ತೆಗೆದು ಹೋದರು.

ಅದು ಮುಯ್ಯಿ. ನೀನು ನನ್ನ ಹೊಲಕ್ಕೆ ಒಂದು ದಿನ ಬಂದರೆ ನಾನು ನಿನ್ನ ಹೊಲಕ್ಕೆ ಒಂದು ದಿನ ಬರಬೇಕು. ಕೂಲಿ ಇಲ್ಲ, ಮಧ್ಯಾಹ್ನದ ರೊಟ್ಟಿ ಮಾತ್ರ ಹೊಲದವರದು. ಆದರೆ ಅಜ್ಜ ತಿರುಗಿ ಬರುವಷ್ಟರಲ್ಲಿ ಆ ಮನೆಯವರು ಬೀದರಿಗೆ ಹೋಗಿ, ನೆಂಟರ ಬಿದರಿ ಕೆಲಸಕ್ಕೆ ಕೈ ಹಚ್ಚಿದ್ದರು. ಮುಯ್ಯಿ ಉಳಿಯಿತು.

ಹೋದ ವರ್ಷ ಅವ್ವನ ಕೈ ನಡುಗಲು ಶುರುವಾದ ಮೇಲೆ ಇದೇ ಒಂದು ಜಪ.

"ಕೈ ಪೂರಾ ನಿಂದ್ರೂದ್ರಾಗ ಆ ಮುಯ್ಯಿ ತೀರಸಬೇಕವ್ವಾ. ಸತ್ತ ಮ್ಯಾಲ ಅಪ್ಪಗ ಏನಂತ ಹೇಳ್ಲಿ?"

"ಅವರ ಮನಿಗಿ ಒಂದು ಚೀಲ ತೊಗರಿ ಕಳಿಸಿದ್ರ ಆಗಲ್ಲೇನು?" ಎಂದೆ.

"ಸಾಲಿ ಕಲಸಾಕಿ ನೀ, ಇಷ್ಟೂ ತಿಳಿಯಲ್ಲೇನು? ಮೈಯಿಂದ ದುಡದಿದ್ದು ಮೈಯಿಂದೇ ತೀರತದ."

ಬೀದರಿಗೆ ಹೋಗಿ, ಚಿದ್ರಿಯ ಬಿದರಿ ಕೆಲಸದವರಲ್ಲಿ ನಮ್ಮೂರ ಹೆಸರು ಹೇಳಿಕೊಂಡು ಮನೆಯಿಂದ ಮನೆಗೆ ತಿರುಗಿದೆ. ಕೊನೆಗೆ ಸಿಕ್ಕವರು ಆ ಸಾಬರ ಮೊಮ್ಮಗ, ಐವತ್ತರ ಆಸುಪಾಸಿನ ಬಿದರಿ ಕುಶಲಕರ್ಮಿ. ಬಂದ ಕಾರಣ ಹೇಳಿದಾಗ ಅವರು ನನ್ನನ್ನೇ ವಿಚಿತ್ರವಾಗಿ ನೋಡಿ, "ಕರಕೊಂಡು ಬರ್ರಿ" ಎಂದಷ್ಟೇ ಅಂದರು.

ಮುಂದಿನ ವಾರ ಬೆಳಿಗ್ಗೆಯ ಬಸ್ಸಿಗೆ ಅವ್ವನನ್ನು ಅವರ ಮನೆಗೆ ಕರೆತಂದೆ. ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಹೂಜಿ, ಡಬ್ಬಿಗಳಿಗೆ ಬಟ್ಟೆಯಿಂದ ಎಣ್ಣೆ ತಿಕ್ಕುವ ಕೆಲಸ ಅವಳ ಪಾಲಿಗೆ ಬಂತು. ನಡುಗುವ ಕೈಗೆ ಅದು ಸರಿಹೋಯಿತು. ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿ ಹೊಳೆಯತೊಡಗಿದಂತೆ ಅವ್ವನಿಗೆ ಹುರುಪು ಏರಿತು. ನಾನು ಕೈ ಹಚ್ಚಲು ಹೋದರೆ ಗದರಿದಳು. ಮಧ್ಯಾಹ್ನ ಅವರ ಮನೆಯ ರೊಟ್ಟಿ ತಿಂದಳು. ಸಂಜೆ ಕೈ ತೊಳೆದುಕೊಂಡು ಆ ಮೊಮ್ಮಗನಿಗೆ, "ತಮ್ಮಾ, ನಮ್ಮ ಅಪ್ಪಂದು ತೀರ್ತು ನೋಡು" ಎಂದಳು.

ಅವರು ತಲೆ ತಗ್ಗಿಸಿ ನಕ್ಕರು.

"ಅಮ್ಮಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಂಜಾನೆ ಹೇಳಿದ್ರ ನೀವು ಕೆಲಸಕ್ಕ ಕೂಡ್ತಿದ್ದಿಲ್ಲ. ಆ ಲಡಾಯಿ ಕೆಲಸಕ್ಕ ಕರದಿದ್ದು ನಮ್ಮ ದಾದಾಗ್ರಿ, ನಮ್ಮ ಅಜ್ಜಗ. ಅವರಿಗಿ ಬುಖಾರ್ ಬಂದು ಮೈ ಸುಡತಿತ್ತಂತ. ಅವರ ಬದಲಿ ನಿಮ್ಮ ಅಪ್ಪ ಹೋದ್ರು. ಒಂದು ತಿಂಗಳಿಗಿ ನಾವು ಒಂದೇ ದಿನ ಎಡಿ ಹೊಡದೀವಿ. ಬಾಕಿ ನಮ್ದೇ ಅದರಿ. ದಾದಾ ಸಾಯೂತನಕ ಅದೇ ಅಂತಿದ್ರು."

ನನ್ನೊಳಗಿನ ಇತಿಹಾಸದ ಟೀಚರಮ್ಮ ಎದ್ದು ಕುಳಿತಳು. ನಿಜವಾಗಿ ಯಾರನ್ನು ಕರೆದಿದ್ದರು? ಯಾರ ಹೆಸರಿನಲ್ಲಿ ಯಾರು ಮಣ್ಣು ಹೊತ್ತರು? ಮಣ್ಣು ಹೊತ್ತವರ ಹೆಸರು ಬರೆದಿಟ್ಟ ಕಾಗದ ನನಗೆ ಈವರೆಗೂ ಸಿಕ್ಕಿಲ್ಲ. ಎಂಬತ್ತು ವರ್ಷ ಎರಡೂ ಮನೆಯವರು ತಾವೇ ಋಣದಲ್ಲಿದ್ದೇವೆಂದು ನಂಬಿ ಕೂತಿದ್ದರು.

ಅವ್ವನಿಗೆ ಮಾತ್ರ ಸಿಟ್ಟು. ಊರಿಗೆ ಮರಳುವ ಬಸ್ಸಿನಲ್ಲಿ ಜನವಾಡ ದಾಟುವವರೆಗೂ ಗೊಣಗಿದಳು: "ಹಗುರ ಆಗಬೇಕಂತ ಹೋದ್ರ ಮತ್ತ ಲೆಕ್ಕಾ ಹೊರಿಸಿ ಕಳಿಸ್ಯಾನ."

ತಮ್ಮ ಬಾಕಿ ತೀರಿಸಲೆಂದು ನಮ್ಮ ತೊಗರಿ ಕೊಯ್ಲಿಗೆ ಅವರು ಬೈಕ್ ಹತ್ತಿ ಬಂದೇಬಿಟ್ಟರು. ಕೂದಲೆಳೆಯಂಥ ಬೆಳ್ಳಿ ತಂತಿ ಕೂಡಿಸುವ ಕೈ ಅದು, ಕುಡುಗೋಲು ಹಿಡಿದು ಗೊತ್ತಿಲ್ಲ. ಎರಡು ಸಾಲು ಮುಗಿಯುವುದರೊಳಗೆ ಬೆರಳು ಕೊಯ್ದುಕೊಂಡರು. ಅವ್ವ ಅರಿಶಿನ ಒತ್ತಿ, ಬಟ್ಟೆ ಕಟ್ಟಿ, ಗಿಡದ ನೆರಳಲ್ಲಿ ಕೂರಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವರು ನಾಚಿಕೊಂಡೇ ಉಂಡರು. ಹೊರಡುವಾಗ ಕೇಳಿದರು:

"ಅಮ್ಮಾ, ತೀರ್ತಲ್ರಿ ಈಗ?"

ಸಾಯುವುದರೊಳಗೆ ತೀರಿಸಬೇಕೆಂದು ಒಂದು ವರ್ಷ ನನ್ನ ಜೀವ ತಿಂದವಳು ಅವರ ಬೆರಳಿನ ಕಟ್ಟನ್ನು ಮತ್ತೊಮ್ಮೆ ಬಿಗಿ ಮಾಡಿದಳು.

"ಎಲ್ಲಿ ತೀರ್ತು? ನೀ ಮಾಡಿದ್ದು ಅರ್ಧಾ ದಿನ. ಇನ್ನರ್ಧಾ ಅದ. ಬರೂ ವರ್ಷ ಬಾ, ನಾ ಇರ್ತೇನಿ."