ಟ್ಯೂಬಿಗೆ ಬಿದ್ದ ಕಂಕಣದ ಗಂಟು

1984ರಲ್ಲಿ ನಾನು ಶಿರಾದ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಮೇಲ್ ನರ್ಸ್ ಆಗಿದ್ದೆ. ಕಸ ಗುಡಿಸಲು ಸೇರಿ, ಡ್ರೆಸಿಂಗ್ ಕಲಿತು ಮೇಲೆ ಬಂದವನು. ಸೂಜಿಗೆ ಒಪ್ಪದವರನ್ನು ಒಪ್ಪಿಸುವ, ಅರ್ಧ ವಾಸಿಯಾಗುತ್ತಲೇ ಊರಿಗೆ ಹೊರಟವರನ್ನು ತಡೆಯುವ ಚೌಕಾಸಿಗೆಲ್ಲ ಡಾಕ್ಟರು ನನ್ನನ್ನೇ ಮುಂದೆ ಬಿಡುತ್ತಿದ್ದರು.

ಬುಕ್ಕಾಪಟ್ಟಣದ ಕಡೆಯ ಈರಣ್ಣ ಕುರಿ ಸಾಕುವ ಮನೆತನದವನು. ಒಂದು ಕಿಡ್ನಿ ಎಂದೋ ಬತ್ತಿಹೋಗಿತ್ತು. ಉಳಿದೊಂದರ ಮೂತ್ರನಾಳಕ್ಕೆ ಕಲ್ಲು ಅಡ್ಡ ಕೂತಿತ್ತು. ಮೂತ್ರ ಇಳಿಯದೆ ನಿಂತರೆ ಕಿಡ್ನಿ ಊದಿಕೊಳ್ಳುತ್ತದೆ, ಕೀವಾಗುತ್ತದೆ, ನಂಜು ರಕ್ತಕ್ಕೇರುತ್ತದೆ. ಅದಕ್ಕೇ ಬೆಂಗಳೂರಿನಲ್ಲಿ ಬೆನ್ನಿನ ಮೂಲಕ ಕಿಡ್ನಿಗೆ ಟ್ಯೂಬು ಇಳಿಸಿ, ತುದಿಗೆ ಚೀಲ ಕಟ್ಟಿ ಕಳಿಸಿದ್ದರು. ನೆಫ್ರಾಸ್ಟಮಿ ಎನ್ನುತ್ತಾರೆ. ಮೈ ಸುಧಾರಿಸಿದ ಮೇಲೆ ಕಲ್ಲಿನ ಆಪರೇಷನ್. ಅಲ್ಲಿಯವರೆಗೆ ಡ್ರೆಸಿಂಗ್ ನಮ್ಮಲ್ಲಿ.

“ಇನ್ಮೇಲೆ ಮರದ ಮರೆ ಹುಡುಕಂಗಿಲ್ಲ ಬುಡಿ ಸಾಮಿ,” ಎಂದು ಈರಣ್ಣ ನಗುತ್ತಿದ್ದ. ಅವನ ತಾಯಿ ಕರಿಯಮ್ಮನಿಗೆ ನಗು ಬರಲಿಲ್ಲ. ಮನೆದೇವರ ಮೂರು ದಿನದ ಪೂಜೆ ಹತ್ತಿರವಿತ್ತು. ದೇವರನ್ನಿಟ್ಟ ಪೆಟ್ಟಿಗೆ ಹೊರುವವನು ಈರಣ್ಣ.

“ಉಚ್ಚೆ ಚೀಲ ನೇತಾಕ್ಕಂಡು ದೇವ್ರ ಮುಟ್ಟಾದು ಹೆಂಗೆ? ಕಿತ್ತಾಕ್ಬುಡಿ,” ಎಂದಳು.

ಕಿತ್ತರೆ ಮಗ ಉಳಿಯುವುದಿಲ್ಲ, ಈ ಸಲ ಅವನ ತಮ್ಮ ಹೊರಲಿ ಎಂದು ನಾನು ಚೌಕಾಸಿಗೆ ಕೂತೆ. ಬಹಳ ಹೊತ್ತಿನ ಮೇಲೆ ಹೂಂ ಎಂದಳು. ಗೆದ್ದೆ ಎಂದುಕೊಂಡೆ.

ಪೂಜೆಯ ಕೊನೆಯ ದಿನ ಈರಣ್ಣನನ್ನು ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಚಳಿಜ್ವರ; ಮಾತು ತೊದಲುತ್ತಿತ್ತು. ಕಂಬಳಿ ಸರಿಸಿದರೆ ಚೀಲವಿಲ್ಲ. ಟ್ಯೂಬನ್ನು ಮಡಚಿ ಉಣ್ಣೆ ದಾರದಿಂದ ಬಿಗಿದಿದ್ದರು.

“ತಮ್ಮ ಹೊರಕ್ಕೆ ದೇವ್ರತ್ರ ಅಪ್ಪಣೆ ಕೇಳುದ್ವಿ ಸಾಮಿ, ಹೂವು ಎಡಕ್ಕೆ ಬಿತ್ತು,” ಎಂದಳು ಕರಿಯಮ್ಮ. “ಈರನೇ ಹೊರ್ಬೇಕು ಅಂತಾಯ್ತು. ಚೀಲ ತೆಗ್ದು ಕಟ್ಬುಟ್ವಿ.”

“ಪೆಟ್ಟಿಗೆ ಇಳಿಸಿದ ಮೇಲಾದ್ರೂ ಬಿಚ್ಬಾರ್ದಿತ್ತೇನಮ್ಮ?”

“ಕಂಕಣದ ದಾರ ಕಣಪ್ಪ. ದೇವ್ರು ಗುಡಿ ಸೇರಗಂಟ ಬಿಚ್ಚಂಗಿಲ್ಲ. ಇವತ್ತು ಸಂಜಿಗೆ ಬಿಚ್ತಿದ್ವಿ.”

ದಾರಕ್ಕೆ ಕತ್ತರಿ ಹಾಕಿದೆ. ಇಳಿದದ್ದು ಕೀವು. ಡಾಕ್ಟರು ಇಂಜೆಕ್ಷನ್ ಕೊಟ್ಟು ಬೆಂಗಳೂರಿಗೆ ಕಾರು ಹೊರಡಿಸಿದರು. ತುಮಕೂರು ಮುಟ್ಟುವ ಮೊದಲೇ ಈರಣ್ಣ ಹೋದ.

ಇಂಥ ಟ್ಯೂಬು ಹಾಕಿಸಿಕೊಂಡವರ ಮನೆಯವರಿಗೆ ನನ್ನ ಮಾತು: ಚೀಲ ಸೊಂಟದಿಂದ ಕೆಳಗೇ ಇರಲಿ, ಟ್ಯೂಬು ಮಡಚಬೇಡಿ, ಕಟ್ಟಬೇಡಿ, ಚಳಿಜ್ವರ ಬಂದರೆ ಸಂಜೆಗೆಂದು ಕಾಯಬೇಡಿ. ನನ್ನ ಕೆಲಸದವರಿಗೆ ಇನ್ನೊಂದು ಮಾತಿದೆ. ಎದುರು ಕೂತವರು ಒಪ್ಪಿದರೆಂದು ಎದ್ದು ಬರಬೇಡಿ. ಈರಣ್ಣ ಹೋದ ಮೇಲೆ ನಾನು ಯಾರನ್ನೇ ಒಪ್ಪಿಸಲಿ, ಕೊನೆಗೊಂದು ಪ್ರಶ್ನೆ ಕೇಳುತ್ತಿದ್ದೆ: “ಇನ್ನು ಯಾರ ಅಪ್ಪಣೆ ಬಾಕಿ ಇದೆ?” ಕೆಲವರು ನಗುತ್ತಿದ್ದರು. ಕೆಲವರು ಸುಮ್ಮನಾಗುತ್ತಿದ್ದರು. ಸುಮ್ಮನಾದವರ ಊರಿಗೆ ನಾನೇ ಹೋಗುತ್ತಿದ್ದೆ.