ಕಡಲ ವೈರಸ್ಸು ಮತ್ತು ಹುಳುಮನೆಯ ಹೊಸ್ತಿಲು

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನು ನಮ್ಮ ಕಡೆ ವಿವರಿಸುವುದು ಕಷ್ಟ. ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಕಡಲ ನೀರನ್ನು ಬಾಟಲಿಗೆ ತುಂಬಿಕೊಂಡು ಬಂದು, ಅದರೊಳಗಿನ ಬ್ಯಾಕ್ಟೀರಿಯಾಗಳಿಗೆ ರೋಗ ತರುವ ವೈರಸ್ಸುಗಳನ್ನು ನೋಡುತ್ತೇನೆ. ಒಂದು ಚಮಚ ನೀರಿನಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ಇದನ್ನು ಕೇಳಿ ಕನಕಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬರು, "ಅಷ್ಟು ದೂರ ಹೋಗಿ ಒಂದ್ ಮೀನಾದ್ರೂ ತರಾಕಿಲ್ವಾ?" ಎಂದು ಮರುಕಪಟ್ಟಿದ್ದರು.

ಅವ್ವ ಮರುಕಪಡಲಿಲ್ಲ. ಅವಳು ರೇಷ್ಮೆಹುಳು ಸಾಕುವವಳು. ವೈರಸ್ಸು ಎಂದರೇನೆಂದು ಅವಳಿಗೆ ನನಗಿಂತ ಮೊದಲೇ ಗೊತ್ತು. ಹುಳುವಿಗೆ ಹಾಲುರೋಗ ಬಂದರೆ ಮೈ ಊದಿ, ಚರ್ಮ ಹರಿದು, ಬಿಳಿ ನೀರು ಸುರಿಯುತ್ತದೆ. ಅದು ತಗುಲಿದ ಹುಳುಗಳೂ ಹೋಗುತ್ತವೆ. ಅದಕ್ಕೇ ನಮ್ಮ ಕಡೆ ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ನೆಂಟರು ಬೇಕಾದರೆ ದೇವರ ಕೋಣೆಗೆ ನುಗ್ಗಬಹುದು, ಇಲ್ಲಿಗೆ ಆಗದು.

ಕಳೆದ ಸಲ ರಜೆಗೆ ಬಂದಾಗ ನಾನೂ ಹೊರಗಿನವಳಾದೆ. ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡಿತ್ತು. ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನೀನು ಒಳೀಕ್ ಬರ್ಬ್ಯಾಡ ಕಣವ್ವ. ಅಲ್ಲೇ ಜಗಲಿ ಮ್ಯಾಲೆ ಕೂತ್ಕೊ."

ನನಗೆ ಸಿಟ್ಟು ಬಂತು. ಇದೇ ಹುಳುಗಳಿಗೆ ಎಷ್ಟೋ ವರ್ಷ ಸೊಪ್ಪು ಹೆಚ್ಚಿ ಹಾಕಿದವಳು ನಾನು. ನಿಂತ ಕಾಲಲ್ಲೇ ಪಾಠ ಶುರುಮಾಡಿದೆ. ನನ್ನ ವೈರಸ್ಸುಗಳು ಬ್ಯಾಕ್ಟೀರಿಯಾ ಬಿಟ್ಟು ಬೇರೆ ಯಾವುದರ ತಂಟೆಗೂ ಹೋಗುವುದಿಲ್ಲ, ಅದರಲ್ಲೂ ಒಂದೊಂದಕ್ಕೆ ತನಗೆ ಒಗ್ಗಿದ ಜಾತಿಯೇ ಆಗಬೇಕು, ಪಕ್ಕದ ಜಾತಿ ಸಿಕ್ಕರೂ ಮುಟ್ಟುವುದಿಲ್ಲ ಎಂದೆ.

"ನಮ್ಮೂರೋರಂಗೇ ಅನ್ನು," ಎಂದು ಅವ್ವ ಬಾಗಿಲು ಮುಂದೆ ಮಾಡಿಕೊಂಡಳು.

ನಾಲ್ಕು ದಿನ ಜಗಲಿಯಲ್ಲಿ ಮುಖ ಊದಿಸಿಕೊಂಡು ಸೊಪ್ಪಿನ ಕಂತೆ ಬಿಚ್ಚಿಕೊಟ್ಟೆ. ಐದನೆಯ ದಿನ ಹುಳು ಹಣ್ಣಾಯಿತು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ; ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟಿಗೆ, ಬಿಡದಿದ್ದರೆ ಸಿಕ್ಕಲ್ಲೇ ನೂಲು ಸುತ್ತಿಕೊಳ್ಳುತ್ತದೆ. ಆರಿಸಲು ಬರಬೇಕಿದ್ದ ಇಬ್ಬರು ಆಳುಗಳು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಓಟಿ ಇದೆಯೆಂದು ಫೋನು ಮಾಡಿದರು. ಅವ್ವ ನನ್ನನ್ನೊಮ್ಮೆ ನೋಡಿದಳು. ಸ್ನಾನಕ್ಕೆ ಕಳಿಸಿ, ತನ್ನ ಹಳೇ ಸೀರೆ ಉಡಿಸಿ, ಕೈಗೆ ಬ್ಲೀಚಿಂಗ್ ನೀರು ಸುರಿದು ಒಳಗೆ ಬಿಟ್ಟಳು.

ಹುಳು ಮೇಯುವ ತಟ್ಟೆಯೊಂದರಲ್ಲಿ ಅರ್ಧ ಆರಿಸಿದ್ದೆ. ಅಂಚಿನಲ್ಲಿ ಒಂದು ಹುಳು ಗೊತ್ತುಗುರಿಯಿಲ್ಲದೆ ಓಡಾಡುತ್ತಿತ್ತು. ಮೈ ಗಂಟುಗಂಟಾಗಿ ಊದಿ ಹೊಳೆಯುತ್ತಿತ್ತು. ಹಾಲುರೋಗ. ಹೇಳಿದರೆ ತಂದವಳು ನಾನೇ ಎಂದಾಗುತ್ತದೆ. ಇನ್ನು ನಾನು ಈ ಹೊಸ್ತಿಲು ದಾಟಿದ ಹಾಗೆಯೇ. ಹೇಳದಿದ್ದರೆ ಅದು ಒಡೆದು ಇಡೀ ತಟ್ಟೆಗೆ ಹರಡುತ್ತದೆ. ಸ್ವಲ್ಪ ಹೊತ್ತು ಹೇಳಲಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ. ಆಮೇಲೆ ಕರೆದೆ.

ಅವ್ವ ಬಂದು, ಕಡ್ಡಿಯಲ್ಲಿ ಅದನ್ನೆತ್ತಿ ಮೂಲೆಯ ಸುಣ್ಣದ ಬಕೆಟ್ಟಿಗೆ ಹಾಕಿದಳು. ಬಗ್ಗಿ ನೋಡಿದೆ. ಬಕೆಟ್ಟಿನ ಕಾಲುಭಾಗ ಹುಳುಗಳೇ ಇದ್ದವು.

"ಯಾವಾಗಿಂದವ್ವ ಇದು?"

"ನೀ ಬರೋಕ್ಮುಂಚಿಂದ್ಲೂ ಐತೆ. ಆರ್ಸಿ ಆರ್ಸಿ ಹಾಕ್ತಾ ಇವ್ನಿ. ಒಸಿ ಉಳ್ಕತದೆ ಬುಡು."

"ಮತ್ತೆ ನನ್ನ ಯಾಕೆ ಹೊರಗಿಟ್ಟೆ?"

ಅವ್ವ ತಟ್ಟೆಯಿಂದ ತಲೆಯೆತ್ತಲಿಲ್ಲ. "ಇಲ್ಲಿಂದ ನಿನ್ ಕೈಗೆ ಹತ್ಕಂಡು, ನಿನ್ ಬಾಟ್ಲಿ ನೀರಿಗೆ ಸೇರಿ, ಅಲ್ಲಿರೋವೆಲ್ಲಾ ಸತ್ತೋಗ್ಬುಟ್ರೆ? ನಿಂಗೆ ಅದೇ ತಾನೇ ಬೆಳೆ."

ಹಾಲುರೋಗ ಕಡಲ ನೀರಿನಲ್ಲಿ ಏನನ್ನೂ ಮಾಡಲಾರದು ಎಂಬ ಪಾಠ ನನ್ನ ಬಾಯಲ್ಲಿ ಸಿದ್ಧವಿತ್ತು. ಮಾಡಲಿಲ್ಲ. ಉಳಿದರ್ಧ ತಟ್ಟೆ ಆರಿಸತೊಡಗಿದೆ.

ರಜೆ ಮುಗಿಸಿ ಹೋದ ದಿನ, ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಒಳಗೆ ಹೋದೆ.